ಮರೀನಾ: ಮರಳು, ಪ್ರತಿಮೆ ಮತ್ತು ಒಂದು ನಿಘಂಟು

ಮಹಾಕಾವ್ಯದಲ್ಲಿ ಇರಬೇಕಾದ ಅಷ್ಟಾದಶ ವರ್ಣನೆಗಳ ಪಟ್ಟಿಯಲ್ಲಿ ನಗರ, ಸಮುದ್ರ, ಉದ್ಯಾನ ಮೂರೂ ಬರುತ್ತವೆ. ಕಡಲನ್ನು ಕಣ್ಣಾರೆ ಕಾಣದ ಕವಿಯೂ ಅದನ್ನು ವರ್ಣಿಸಲೇಬೇಕಾಗಿತ್ತು. ಕಾಣದ ವಿದ್ಯಾರ್ಥಿಯೂ ಅದನ್ನು ಓದಿ ಪರೀಕ್ಷೆ ಬರೆಯಲೇಬೇಕಾಗಿದೆ. ಉದ್ದನಪಲ್ಲಿಯ ಸುತ್ತಿನ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರಿಗೆ ಕಡಲು ಮೊದಲು ಪರಿಚಯವಾಗುವುದು ಬಹುಮಟ್ಟಿಗೆ ಹೀಗೆ, ಪಠ್ಯಪುಸ್ತಕದ ಮೂಲಕ. ಹೊಸೂರಿನ ಪಕ್ಕದಲ್ಲಿ ಹರಿಯುವ ದಕ್ಷಿಣ ಪಿನಾಕಿನಿಯನ್ನು ಅವರು ನೋಡಿರುತ್ತಾರೆ. ಅದೇ ನೀರು ‘ತೆನ್‌ಪೆಣ್ಣೈ’ ಎಂಬ ಹೆಸರು ಹೊತ್ತು ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನದಿ ಹೋದಷ್ಟು ಸುಲಭವಾಗಿ ಮನುಷ್ಯರು ಅಲ್ಲಿಗೆ ಹೋಗುವುದಿಲ್ಲ. ಆದರೂ ಪ್ರವೇಶಪತ್ರ, ಸ್ಪರ್ಧಾ ಪರೀಕ್ಷೆ, ಆಸ್ಪತ್ರೆ, ಸರ್ಕಾರಿ ಕಚೇರಿಯ ಕೆಲಸ ಎಂದು ಒಂದಲ್ಲ ಒಂದು ದಿನ ಚೆನ್ನೈಗೆ ಹೋಗಲೇಬೇಕಾಗುತ್ತದೆ. ಹೋದವರು ಸಂಜೆ ಮರೀನಾಕ್ಕೆ ಹೋಗದೆ ಮರಳುವುದು ಅಪರೂಪ. ನಗರ, ಸಮುದ್ರ, ಉದ್ಯಾನ ಮೂರೂ ಒಂದೇ ಕಡೆ ಕೂಡಿರುವ ಸ್ಥಳ ಅದು.

ಮದರಾಸು ಈ ಸೀಮೆಗೆ ರಾಜಧಾನಿಯಾದದ್ದು ಯುದ್ಧಗಳ ಫಲವಾಗಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಪ್ರದೇಶ ಟಿಪ್ಪುವಿನ ಕೈತಪ್ಪಿ ಕಂಪನಿಗೆ ಸೇರಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸೂರು ಸೀಮೆಯೂ ಅದನ್ನು ಹಿಂಬಾಲಿಸಿತು. ಅಲ್ಲಿಯವರೆಗೆ ಮೈಸೂರಿನ ಕಡೆ ಮುಖ ಮಾಡಿದ್ದ ಊರುಗಳು ಕಡಲಂಚಿನ ಒಂದು ಕೋಟೆಯ ಆಡಳಿತಕ್ಕೆ ಬಂದವು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆ, ಕೊಳ್ಳೇಗಾಲ ಮೊದಲಾದ ಕನ್ನಡ ಪ್ರದೇಶಗಳು ಮದರಾಸು ರಾಜ್ಯದಿಂದ ಬಿಡುಗಡೆ ಹೊಂದಿ ಮೈಸೂರಿಗೆ ಸೇರಿದಾಗಲೂ ಹೊಸೂರು ಅಲ್ಲಿಯೇ ಉಳಿಯಿತು. ಆದ್ದರಿಂದ ಮರೀನಾ ಇಲ್ಲಿಯ ಕನ್ನಡಿಗರಿಗೆ ಪರರಾಜ್ಯದ ಪ್ರವಾಸಿ ತಾಣವಲ್ಲ, ತಮ್ಮದೇ ರಾಜಧಾನಿಯ ಅಂಗಳ. ಆ ಅಂಗಳದಲ್ಲಿ ಕನ್ನಡಕ್ಕೆ ಸಂಬಂಧಿಸಿದ್ದು ಏನಾದರೂ ಇದೆಯೇ ಎಂಬ ಪ್ರಶ್ನೆ ಕನ್ನಡವನ್ನು ಐಚ್ಛಿಕವಾಗಿ ಓದುವವರಿಗೆ ಸಹಜವಾಗಿ ಏಳುತ್ತದೆ. ಉತ್ತರ ಕಡಲ ಕಡೆಯಿಂದ ರಸ್ತೆಯ ಇನ್ನೊಂದು ಬದಿಗೆ ತಿರುಗಿದರೆ ಸಿಗುತ್ತದೆ. ಅದಕ್ಕೆ ಮುಂಚೆ ಮರಳಿನ ವಿಚಾರ.

ಉತ್ತರದಲ್ಲಿ ಸೇಂಟ್ ಜಾರ್ಜ್ ಕೋಟೆಯ ಆಸುಪಾಸಿನಿಂದ ದಕ್ಷಿಣದಲ್ಲಿ ಫೋರ್‌ಶೋರ್ ಎಸ್ಟೇಟಿನವರೆಗೆ ಸುಮಾರು 6 ಕಿ.ಮೀ. ಉದ್ದಕ್ಕೆ ಮರೀನಾ ಚಾಚಿಕೊಂಡಿದೆ. ಮರಳ ಹರವು ಸರಾಸರಿ 300 ಮೀಟರು. ಕೆಲವೆಡೆ 400 ಮೀಟರನ್ನೂ ಮೀರುತ್ತದೆ. ರಸ್ತೆಯಲ್ಲಿ ಬಸ್ಸಿಳಿದವನು ನೀರಿನ ಅಂಚನ್ನು ಮುಟ್ಟುವ ಹೊತ್ತಿಗೆ ಕಾಲು ಸೋತಿರುತ್ತದೆ. ಇಷ್ಟು ವಿಶಾಲವಾದ ತೀರ ಅನಾದಿಯಿಂದ ಇದ್ದದ್ದೇ ಇರಬೇಕೆಂದು ಯಾರಾದರೂ ಭಾವಿಸುವುದು ಸಹಜ. ವಾಸ್ತವದಲ್ಲಿ ಈ ಮರಳಿನ ವಯಸ್ಸು ಒಂದೂವರೆ ಶತಮಾನವನ್ನು ಹೆಚ್ಚೇನೂ ದಾಟಿಲ್ಲ. ಹಿಂದೆ ಅಲೆಗಳು ಕೋಟೆಯ ಗೋಡೆಯ ಸಮೀಪಕ್ಕೇ ಬರುತ್ತಿದ್ದವು. ಈಗಿನ ರಸ್ತೆಯಿಂದ ಕಡಲು ಕೂಗಳತೆಯಲ್ಲಿತ್ತು.

ಮದರಾಸಿಗೆ ಸ್ವಾಭಾವಿಕ ಬಂದರು ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ಸರಕನ್ನೂ ಜನರನ್ನೂ ದಡಕ್ಕೆ ತರುತ್ತಿದ್ದದ್ದು ಮೊಳೆಯೇ ಇಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಮಾಡಿದ ಮಸೂಲಾ ದೋಣಿಗಳು. ಮೊಳೆ ಹೊಡೆದ ದೋಣಿ ಆ ಅಬ್ಬರದ ಅಲೆಗಳ ಹೊಡೆತಕ್ಕೆ ಬಿರಿಯುತ್ತಿತ್ತು. ಹೊಲಿದ ದೋಣಿ ಬಾಗಿ ಬಳುಕಿ ದಡ ಸೇರುತ್ತಿತ್ತು. ಅವುಗಳ ಜೊತೆಗೆ, ದಿಮ್ಮಿಗಳನ್ನು ಸೇರಿಸಿ ಕಟ್ಟಿದ ‘ಕಟ್ಟುಮರಮ್’. ಇದು ಇಂಗ್ಲಿಷಿಗೆ ಹೋಗಿ ‘ಕ್ಯಾಟಮರಾನ್’ ಆದದ್ದು ಪ್ರಸಿದ್ಧವಾದ ಸಂಗತಿ. ಕನ್ನಡ ವಿದ್ಯಾರ್ಥಿಗೆ ಇದರ ಅರ್ಥ ಹೇಳಲು ನಿಘಂಟು ಬೇಡ. ಕಟ್ಟು, ಮರ, ಎರಡೂ ಕನ್ನಡದವೇ.

1875ರಲ್ಲಿ ವೇಲ್ಸಿನ ರಾಜಕುಮಾರ ಬಂದಾಗ ಕೃತಕ ಬಂದರಿಗೆ ಶಿಲಾನ್ಯಾಸವಾಯಿತು. ಕಡಲೊಳಗೆ ಎರಡು ಕಲ್ಲಿನ ತೋಳುಗಳನ್ನು ಚಾಚಿ ನಡುವೆ ನೀರನ್ನು ಶಾಂತವಾಗಿಸುವುದು ಯೋಜನೆ. ಕೆಲಸ ಬಹುಪಾಲು ಮುಗಿದಿದ್ದಾಗ, 1881ರ ನವೆಂಬರಿನ ಚಂಡಮಾರುತ ಅದನ್ನು ಕೆಡವಿಹಾಕಿತು, ಮತ್ತೆ ಕಟ್ಟಬೇಕಾಯಿತು. ಈ ತೋಳುಗಳ ಒಂದು ಪರಿಣಾಮ ಮರೀನಾ. ಅದು ಯೋಜನೆಯ ಉದ್ದೇಶವಾಗಿರಲಿಲ್ಲ ಎಂಬುದೇ ಗಮನಿಸಬೇಕಾದ ಅಂಶ.

ಪೂರ್ವ ಕರಾವಳಿಯ ಅಲೆಗಳು ದಡಕ್ಕೆ ನೇರವಾಗಿ ಬಡಿಯುವುದಿಲ್ಲ, ಓರೆಯಾಗಿ ಬಡಿಯುತ್ತವೆ. ನೈಋತ್ಯ ಮಾರುತದ ದೀರ್ಘ ಅವಧಿಯಲ್ಲಿ ಅವು ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ತಳ್ಳುತ್ತವೆ. ಈಶಾನ್ಯ ಮಾರುತದ ತಿಂಗಳುಗಳಲ್ಲಿ ದಿಕ್ಕು ತಿರುಗಿ ಮರಳು ದಕ್ಷಿಣಕ್ಕೆ ಸರಿಯುತ್ತದೆಯಾದರೂ ಆ ಅವಧಿ ಚಿಕ್ಕದು. ವರ್ಷದ ಲೆಕ್ಕ ಹಾಕಿದರೆ ಉತ್ತರಕ್ಕೆ ಹೋದದ್ದೇ ಹೆಚ್ಚು. ಹೀಗೆ ದಡದುದ್ದಕ್ಕೂ ನಡೆಯುತ್ತಿದ್ದ ಮರಳಿಗೆ ಬಂದರಿನ ಕಲ್ಲಿನ ತೋಳು ಅಡ್ಡವಾಯಿತು. ದಕ್ಷಿಣದಿಂದ ಬಂದ ಮರಳು ಮುಂದೆ ಹೋಗಲಾರದೆ ತಂಗಿತು. ವರ್ಷದಿಂದ ವರ್ಷಕ್ಕೆ ತೀರ ಅಗಲವಾಯಿತು, ಕಡಲು ಹಿಂದೆ ಸರಿಯಿತು. ಕೂವಂ ನದಿಯ ಬಾಯಿಗೆ ಮರಳ ದಿಣ್ಣೆ ಕಟ್ಟಿಕೊಳ್ಳುವುದೂ ಇದೇ ನಡೆಯ ಇನ್ನೊಂದು ಮುಖ.

ಆದರೆ ತಡೆಗೋಡೆಯ ಆಚೆ? ಬಂದರಿನ ಉತ್ತರಕ್ಕಿರುವ ರಾಯಪುರಂ, ಕಾಸಿಮೇಡಿನ ದಡಗಳಿಗೆ ಬರಬೇಕಾದ ಮರಳು ಬರಲಿಲ್ಲ. ಅಲೆಗಳು ಮಾತ್ರ ಎಂದಿನಂತೆ ಬಂದು, ಇದ್ದ ಮರಳನ್ನು ಹೊತ್ತು ಉತ್ತರಕ್ಕೆ ಒಯ್ದವು. ಬೀದಿಗಳು, ಮನೆಗಳು, ಬೆಸ್ತರ ಕೇರಿಗಳು ಕಡಲ ಪಾಲಾದವು. ಇಂದು ಅಲ್ಲಿ ತೀರವೆಂದರೆ ಬಂಡೆಗಲ್ಲುಗಳ ಒಡ್ಡು. ಸಂಜೆ ಮರೀನಾದ ಮರಳ ಮೇಲೆ ಕುಳಿತು ಗಾಳಿ ಸೇವಿಸುವವರು ಕುಳಿತಿರುವುದು, ಒಂದರ್ಥದಲ್ಲಿ, ರಾಯಪುರಂನವರ ಪಾಲಿನ ನೆಲದ ಮೇಲೆ. ಮರೀನಾದ ಸೌಂದರ್ಯವನ್ನು ಹೊಗಳುವ ಬರಹಗಳಲ್ಲಿ ಈ ಸಂಗತಿಗೆ ಸಾಲದಷ್ಟು ಜಾಗ ಸಿಕ್ಕಿದೆ.

ಹೀಗೆ ಹುಟ್ಟುತ್ತಿದ್ದ ತೀರಕ್ಕೆ ಹೆಸರಿಟ್ಟವನು 1881ರಿಂದ 1886ರವರೆಗೆ ಗವರ್ನರನಾಗಿದ್ದ ಮೌಂಟ್‌ಸ್ಟುಅರ್ಟ್ ಎಲ್ಫಿನ್‌ಸ್ಟನ್ ಗ್ರಾಂಟ್ ಡಫ್. ರಸ್ತೆಗೂ ಮರಳಿಗೂ ನಡುವೆ ಅವನು ನಡೆದಾಡುವ ಹಾದಿಯೊಂದನ್ನು ಹಾಕಿಸಿ, ಸಿಸಿಲಿಯಲ್ಲಿ ತಾನು ಕಂಡಿದ್ದ ಕಡಲಂಚಿನ ವಿಹಾರಪಥದ ನೆನಪಿನಿಂದ ‘ಮರೀನಾ’ ಎಂದು ಕರೆದ. ಕಡಲಿಗೆ ಸಂಬಂಧಿಸಿದ್ದು ಎಂಬುದಷ್ಟೇ ಆ ಇಟಾಲಿಯನ್ ಪದದ ಅರ್ಥ. ಊರಿನ ಹೆಸರು 1996ರಲ್ಲಿ ಚೆನ್ನೈ ಆಯಿತು, ರಸ್ತೆ ಕಾಮರಾಜರ್ ಸಾಲೈ ಆಯಿತು. ಗವರ್ನರನ ಇಟಾಲಿಯನ್ ನೆನಪು ಮಾತ್ರ ಅಳಿಯದೆ ಉಳಿಯಿತು. ರಸ್ತೆಯ ಪಶ್ಚಿಮಕ್ಕೆ ಆ ವೇಳೆಗಾಗಲೇ ಕಟ್ಟಡಗಳ ಸಾಲು ನಿಂತಿತ್ತು: ಆರ್ಕಾಟಿನ ನವಾಬರ 1768ರ ಚೇಪಾಕ್ ಅರಮನೆ, 1870ರಲ್ಲಿ ತೆರೆದ ಪ್ರೆಸಿಡೆನ್ಸಿ ಕಾಲೇಜಿನ ಕಟ್ಟಡ, ರಾಬರ್ಟ್ ಚಿಶಮ್ ವಿನ್ಯಾಸ ಮಾಡಿ 1879ರಲ್ಲಿ ಮುಗಿಸಿದ ವಿಶ್ವವಿದ್ಯಾಲಯದ ಸೆನೆಟ್ ಹೌಸ್. ಇನ್ನಷ್ಟು ದಕ್ಷಿಣಕ್ಕೆ, ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆಯನ್ನು ಇಡಲು ಕಟ್ಟಿದ ಐಸ್ ಹೌಸ್. 1897ರಲ್ಲಿ ವಿದೇಶದಿಂದ ಮರಳಿದ ಸ್ವಾಮಿ ವಿವೇಕಾನಂದರು ಕೆಲವು ದಿನ ತಂಗಿದ್ದುದರಿಂದ ಈಗ ಅದು ವಿವೇಕಾನಂದರ್ ಇಲ್ಲಂ. 1914ರಲ್ಲಿ ಆರಂಭವಾದ ಕ್ವೀನ್ ಮೇರಿಸ್ ಮಹಿಳಾ ಕಾಲೇಜೂ ಇದೇ ಸಾಲಿನದು. 2003ರಲ್ಲಿ ಅದನ್ನು ಕೆಡವಿ ಸಚಿವಾಲಯ ಕಟ್ಟುವ ಪ್ರಸ್ತಾಪ ಬಂದಾಗ ವಿದ್ಯಾರ್ಥಿನಿಯರೇ ಪ್ರತಿಭಟಿಸಿದರು, ಕಾಲೇಜು ಉಳಿಯಿತು.

ಗವರ್ನರನು ವಿಹಾರಕ್ಕೆಂದು ಮಾಡಿಸಿದ ತೀರವನ್ನು ಜನರು ಸಭೆಗೆ ಬಳಸಿಕೊಂಡರು. ಲಕ್ಷಗಟ್ಟಲೆ ಜನ ಸೇರಬಲ್ಲ, ಗೋಡೆಯಿಲ್ಲದ, ಬಾಡಿಗೆಯಿಲ್ಲದ ಬಯಲು ಬೇರೆಲ್ಲಿ ಸಿಕ್ಕೀತು? ರೌಲತ್ ಕಾಯಿದೆಯ ವಿರುದ್ಧ 1919ರ ಮಾರ್ಚಿಯಲ್ಲಿ ಗಾಂಧೀಜಿ ಮದರಾಸಿಗೆ ಬಂದಾಗ ಕಡಲತೀರದಲ್ಲಿ ಸಭೆ ನಡೆಯಿತು. ಆಗ ನಗರದಲ್ಲಿ ಅವರಿಗೆ ಆತಿಥ್ಯ ನೀಡಿದವರು ರಾಜಾಜಿ, ಅಂದರೆ ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿ. 1923ರ ಮೇ 1ರಂದು ಸಿಂಗಾರವೇಲರು ಭಾರತದಲ್ಲೇ ಮೊದಲ ಮೇ ದಿನವನ್ನು ಮದರಾಸಿನ ಎರಡು ಕಡೆ ಆಚರಿಸಿದರು. ಅವುಗಳಲ್ಲಿ ಒಂದು ತಿರುವಲ್ಲಿಕ್ಕೇಣಿಯ ಕಡಲತೀರ.

ಪ್ರೆಸಿಡೆನ್ಸಿ ಕಾಲೇಜಿನ ಎದುರಿನ ಮರಳು ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ‘ತಿಲಕ್ ಘಾಟ್’ ಎಂದೇ ಪ್ರಸಿದ್ಧವಾಗಿತ್ತು. ಸುಬ್ರಹ್ಮಣ್ಯ ಭಾರತಿಯಂಥವರು ಮಾತನಾಡಿದ ತೀರವದು. ಮರಾಠಿ ನಾಡಿನ ನಾಯಕನ ಹೆಸರು ತಮಿಳು ತೀರಕ್ಕೆ ಬಂದದ್ದಷ್ಟೇ ಅಲ್ಲ, ‘ಘಾಟ್’ ಎಂಬ ಪದವೂ ಜೊತೆಗೆ ಬಂತು. ಕನ್ನಡದಲ್ಲಿ ಘಟ್ಟವೆಂದರೆ ಬೆಟ್ಟಸಾಲು, ಸ್ನಾನಘಟ್ಟವೆಂದರೆ ನದಿಯ ಮೆಟ್ಟಿಲು. ಕಡಲಿಗೆ ಯಾರೂ ಘಟ್ಟ ಎನ್ನುವುದಿಲ್ಲ. ಮುಂಬಯಿಯವರು ತಮ್ಮ ತೀರಕ್ಕೆ ‘ಚೌಪಾಟಿ’ ಎನ್ನುತ್ತಾರೆ. ಆ ಗಿರಗಾಂವ್ ಚೌಪಾಟಿಯ ಮರಳಿನಲ್ಲಿಯೇ 1920ರ ಆಗಸ್ಟಿನಲ್ಲಿ ತಿಲಕರ ಅಂತ್ಯಕ್ರಿಯೆ ನಡೆಯಿತು. ಹೀಗೆ ಎರಡು ಕಡಲುಗಳ ಎರಡು ತೀರಗಳು ಒಬ್ಬನೇ ವ್ಯಕ್ತಿಯ ನೆನಪನ್ನು ಹಂಚಿಕೊಂಡಿವೆ. ಇಂದಿನ ಮರೀನಾದಲ್ಲಿ ತಿಲಕ್ ಘಾಟ್ ಎಲ್ಲಿ ಎಂದು ಕೇಳಿದರೆ ಸುಂಡಲ್ ಮಾರುವವರು ಮುಖ ಮುಖ ನೋಡಿಕೊಂಡಾರು.

ಸ್ವಾತಂತ್ರ್ಯಾನಂತರ ಮರಳಿನಂಚಿಗೆ ಪ್ರತಿಮೆಗಳು ಬಂದವು. ಇವುಗಳಲ್ಲಿ ಕಲಾದೃಷ್ಟಿಯಿಂದ ಅತ್ಯುತ್ತಮವಾದುದು ಯಾವ ಮಹಾಪುರುಷನದ್ದೂ ಅಲ್ಲ. ನಾಲ್ವರು ಶ್ರಮಿಕರು ಒಂದು ಬಂಡೆಯನ್ನು ಮೀಟಿ ಉರುಳಿಸುತ್ತಿರುವ ‘ಶ್ರಮದ ವಿಜಯ’ ಅದು. ಮದರಾಸು ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ದೇವಿಪ್ರಸಾದ್ ರಾಯ್ ಚೌಧುರಿ ಇದನ್ನು ರೂಪಿಸಿದರು. 1959ರ ಗಣರಾಜ್ಯೋತ್ಸವದ ಮುನ್ನಾದಿನ ಇದು ಅನಾವರಣಗೊಂಡಿತು. ಅದೇ ವರ್ಷ ಸ್ಥಾಪನೆಯಾದ, ನಡೆಯುತ್ತಿರುವ ಭಂಗಿಯ ಗಾಂಧೀ ಪ್ರತಿಮೆಯೂ ಅವರದೇ. ಬಂಗಾಳಿ ಶಿಲ್ಪಿಯೊಬ್ಬ ತಮಿಳು ತೀರದ ಗುರುತಾದಂತೆ, ಕನ್ನಡ ತೀರವೊಂದು ಬಂಗಾಳಿ ಕವಿಯೊಬ್ಬನ ಹೆಸರು ಹೊತ್ತಿದೆ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರು. ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ತಂಗಿದ್ದಾಗ, 1880ರ ದಶಕದ ಆರಂಭದಲ್ಲಿ, ಯುವಕ ರವೀಂದ್ರರು ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದರು.

ಮರೀನಾದ ಚಹರೆಯನ್ನೇ ಬದಲಿಸಿದ ವರ್ಷ 1968. ಆ ಜನವರಿಯಲ್ಲಿ ಮದರಾಸಿನಲ್ಲಿ ಎರಡನೆಯ ವಿಶ್ವ ತಮಿಳು ಸಮ್ಮೇಳನ ನಡೆಯಿತು. ಮುಖ್ಯಮಂತ್ರಿ ಅಣ್ಣಾದುರೈ. ಸಮ್ಮೇಳನದ ಅಂಗವಾಗಿ ತಿರುವಳ್ಳುವರ್, ಔವೈಯಾರ್, ಕಂಬರ್, ಭಾರತಿ, ಭಾರತಿದಾಸನ್ ಮೊದಲಾದವರ ಪ್ರತಿಮೆಗಳು ಕಡಲ ರಸ್ತೆಯುದ್ದಕ್ಕೂ ನಿಂತವು. ರಾಜರ, ಸೇನಾಪತಿಗಳ, ಗವರ್ನರುಗಳ ಪ್ರತಿಮೆಗಳಿಗೆ ಹೆಸರಾದ ನಗರದಲ್ಲಿ ಕವಿಗಳಿಗೆ, ಅದೂ ಒಂದು ಸಾಲಾಗಿ, ಕಡಲ ಮುಂದೆ ಜಾಗ ಸಿಕ್ಕಿತು. ಸಾಹಿತ್ಯ ಚರಿತ್ರೆಯ ಪುಟಗಳನ್ನು ಬಿಡಿಸಿ ರಸ್ತೆಯಲ್ಲಿ ನಿಲ್ಲಿಸಿದಂತೆ. ಅಕ್ಷರ ಬಾರದವನಿಗೂ ತನ್ನ ಭಾಷೆಗೆ ಇಷ್ಟು ಹಳೆಯ ಕವಿಗಳಿದ್ದಾರೆಂದು ಇದರಿಂದ ತಿಳಿಯುತ್ತದೆ. ಭಾಷಾಭಿಮಾನ ಹೇಗಿರಬೇಕು, ಎಷ್ಟಿರಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿರಬಹುದು. ಈ ಕೆಲಸದ ಸೊಗಸನ್ನು ಒಪ್ಪದಿರುವುದು ಕಷ್ಟ.

ಈ ಸಾಲಿನಲ್ಲಿ ಕಾವ್ಯದ ಪಾತ್ರವೊಂದೂ ಇದೆ. ಕೈಯಲ್ಲಿ ಕಾಲಂದುಗೆ ಹಿಡಿದು ನ್ಯಾಯ ಕೇಳುವ ಕಣ್ಣಗಿ, ‘ಚಿಲಪ್ಪದಿಕಾರಂ’ನ ನಾಯಕಿ. 2001ರ ಡಿಸೆಂಬರಿನಲ್ಲಿ ಈ ಪ್ರತಿಮೆಯನ್ನು ಅಲ್ಲಿಂದ ತೆಗೆದಾಗ ದೊಡ್ಡ ವಿವಾದವೆದ್ದಿತು. 2006ರ ಜೂನಿನಲ್ಲಿ ಅದು ಮತ್ತೆ ತನ್ನ ಜಾಗಕ್ಕೆ ಬಂತು. ಎಂದೂ ಬದುಕಿರದ, ಕವಿಕಲ್ಪಿತ ಹೆಣ್ಣೊಬ್ಬಳಿಗಾಗಿ ವಿಧಾನಸಭೆಯ ಪಕ್ಷಗಳು ಜಗಳವಾಡಿದವು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಯೋಚಿಸಲು ಯೋಗ್ಯವಾದ ವಿಷಯ. ಇಳಂಗೋವಡಿಗಳ ಈ ಕಾವ್ಯ ಕನ್ನಡಿಗರಿಗೆ ಇನ್ನೊಂದು ಕಾರಣಕ್ಕೂ ಮುಖ್ಯ. ಅದರಲ್ಲಿ ಕೊಂಕಣದವರ ಜೊತೆಗೇ ‘ಕರುನಾಡರ್’ ಎಂಬ ಜನರ ಉಲ್ಲೇಖವಿದೆ. ಕರ್ಣಾಟಕ, ಕನ್ನಡ ಎಂಬ ಹೆಸರುಗಳ ನಿಷ್ಪತ್ತಿಯನ್ನು ಚರ್ಚಿಸುವಾಗ ವಿದ್ವಾಂಸರು ಈ ಪ್ರಯೋಗವನ್ನು ಮರೆಯುವಂತಿಲ್ಲ.

ಸಮ್ಮೇಳನ ಮುಗಿದ ಮರುವರ್ಷವೇ, 1969ರ ಫೆಬ್ರವರಿ 3ರಂದು, ಅಣ್ಣಾದುರೈ ತೀರಿಕೊಂಡರು. ಮರೀನಾದ ಉತ್ತರ ತುದಿಯಲ್ಲಿ ಅವರ ಸಮಾಧಿಯಾಯಿತು. ಅದರ ಪಕ್ಕದಲ್ಲಿ 1987ರಲ್ಲಿ ಎಂ.ಜಿ. ರಾಮಚಂದ್ರನ್, 2016ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ, 2018ರಲ್ಲಿ ನ್ಯಾಯಾಲಯದ ತೀರ್ಪು ಬಂದ ಬಳಿಕ ಕರುಣಾನಿಧಿ. ತೋಟ, ಕಮಾನು, ನಂದಾದೀಪಗಳಿಂದ ಕೂಡಿದ ಈ ಭಾಗವೇ ಮರೀನಾದಲ್ಲಿ ‘ಉದ್ಯಾನ’ ಎಂಬ ಮಾತಿಗೆ ಹೆಚ್ಚು ಹೊಂದುತ್ತದೆ. ಹೊರಗಿನಿಂದ ಬಂದ ಬಸ್ಸುಗಳು ಮೊದಲು ನಿಲ್ಲುವುದೂ ಇಲ್ಲಿಯೇ.

ಈ ತೀರ ಯಾವಾಗಲೂ ಸೌಮ್ಯವಾಗಿರುವುದಿಲ್ಲ. ಅಡಿಯಲ್ಲಿ ಸೆಳೆತ ಬಲವಾಗಿರುವುದರಿಂದ ಇಲ್ಲಿ ಈಜುವುದು ಅಪಾಯ. ಬಯಲುಸೀಮೆಯಿಂದ ಹೋದ ಹುಡುಗರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2004ರ ಡಿಸೆಂಬರ್ 26ರ ಭಾನುವಾರ ಬೆಳಗ್ಗೆ ಸುನಾಮಿ ಅಪ್ಪಳಿಸಿದಾಗ ವಾಯುವಿಹಾರಕ್ಕೆ ಬಂದವರು, ಕ್ರಿಕೆಟ್ ಆಡುತ್ತಿದ್ದ ಹುಡುಗರು, ಬೆಸ್ತರ ಕುಟುಂಬಗಳು ಕೊಚ್ಚಿಹೋದವು. 2017ರ ಜನವರಿಯಲ್ಲಿ ಜಲ್ಲಿಕಟ್ಟಿನ ಪರವಾಗಿ ಯುವಜನರು ದಿನಗಟ್ಟಲೆ ಇಲ್ಲಿ ನೆರೆದದ್ದು ತಿಲಕ್ ಘಾಟಿನ ಪರಂಪರೆಯ ಮುಂದುವರಿಕೆಯೇ. ಗಾಲಿಕುರ್ಚಿಯಲ್ಲಿ ಬರುವವರೂ ನೀರಿನ ಸಮೀಪ ಹೋಗಲೆಂದು 2022ರ ನವೆಂಬರಿನಲ್ಲಿ ಮರದ ಹಲಗೆಗಳ ಹಾದಿಯೊಂದನ್ನು ಹಾಕಲಾಯಿತು. ಎರಡೇ ವಾರದಲ್ಲಿ ಮಾಂಡೂಸ್ ಚಂಡಮಾರುತ ಅದನ್ನು ಕೆಡಿಸಿತು. ದುರಸ್ತಿ ಮಾಡಿ ಮತ್ತೆ ತೆರೆಯಲಾಯಿತು.

ಪ್ರತಿಮೆಗಳ ಸಾಲಿಗೆ ಮರಳೋಣ. ಅದರಲ್ಲಿ ಮೂವರು ಯುರೋಪಿಯನ್ನರಿದ್ದಾರೆ. ವೀರಮಾಮುನಿವರ್ ಎಂಬ ಹೆಸರಿನಲ್ಲಿ ತಮಿಳು ಕಾವ್ಯ ಬರೆದ ಇಟಲಿಯ ಬೆಸ್ಕಿ. ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ಜಿ.ಯು. ಪೋಪ್, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯನ್ನು ಕೆಲಕಾಲ ನಡೆಸಿದವರು. ಮತ್ತು ರಾಬರ್ಟ್ ಕಾಲ್ಡ್‌ವೆಲ್. ಕನ್ನಡ ವಿದ್ಯಾರ್ಥಿ ತುಸು ಹೊತ್ತು ನಿಲ್ಲಬೇಕಾದದ್ದು ಈ ಮೂರನೆಯವರ ಮುಂದೆ. 1856ರಲ್ಲಿ ಪ್ರಕಟವಾದ ಅವರ ತೌಲನಿಕ ವ್ಯಾಕರಣ ತಮಿಳು, ತೆಲುಗು, ಕನ್ನಡ, ಮಲಯಾಳ, ತುಳು ಮೊದಲಾದ ನುಡಿಗಳು ಒಂದೇ ಮನೆತನದವು ಎಂಬುದನ್ನು ವಿಸ್ತಾರವಾಗಿ ತೋರಿಸಿಕೊಟ್ಟಿತು. ಅದನ್ನು ಪ್ರತಿಮೆಯ ಕೆಳಗೆ ನಿಂತೇ ಪರೀಕ್ಷಿಸಬಹುದು. ತಮಿಳರು ಈ ಸ್ಥಳವನ್ನು ‘ಕಡಱ್ಕರೈ’ ಎನ್ನುತ್ತಾರೆ: ಕಡಲ್ ಮತ್ತು ಕರೈ. ಕನ್ನಡದ ಕಡಲು, ಕರೆ. ‘ಅಲೈ’ ಎಂದರೆ ಅಲೆ. ‘ಮಣಲ್’ ಎಂದರೆ ಮರಳು. ಹಳಗನ್ನಡದ ‘ಮಳಲ್’ ರೂಪವನ್ನು ಬಲ್ಲವನಿಗೆ ಇವುಗಳ ಸಂಬಂಧ ತಟ್ಟನೆ ಹೊಳೆಯುತ್ತದೆ. ಉದ್ಯಾನಕ್ಕೆ ತಮಿಳಿನಲ್ಲಿ ‘ಪೂಂಗಾ’. ಪೂ ಎಂದರೆ ಹೂ. ಪಕಾರವು ಹಕಾರವಾಗುವ ಮುಂಚೆ ಕನ್ನಡದಲ್ಲೂ ಅದು ‘ಪೂ’ ಆಗಿಯೇ ಇತ್ತು. ಪಂಪನ ಓದುಗರಿಗೆ ‘ಪೂ’ ಪರಕೀಯವಲ್ಲ. ಕನ್ನಡಿಗರು ಮಾತ್ರ ಹೂದೋಟ ಎಂಬ ಸ್ವಂತ ಪದವಿದ್ದೂ ಸಂಸ್ಕೃತದ ಉದ್ಯಾನವನ್ನೂ ಪಾರಸಿಯ ಬಾಗನ್ನೂ ಇಂಗ್ಲಿಷಿನ ಪಾರ್ಕನ್ನೂ ಧಾರಾಳವಾಗಿ ಕರೆದುಕೊಂಡಿದ್ದಾರೆ.

ಪ್ರಾಚೀನ ತಮಿಳು ಕಾವ್ಯಮೀಮಾಂಸೆ ಭೂಮಿಯನ್ನು ಐದು ತಿಣೈಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಂದು ಹೂವಿನ ಹೆಸರನ್ನೂ ಒಂದು ಭಾವವನ್ನೂ ಹೊಂದಿಸುತ್ತದೆ. ಕಡಲತೀರದ ತಿಣೈ ‘ನೆಯ್ದಲ್’, ಅದರ ಭಾವ ಅಗಲಿದವರಿಗಾಗಿ ಮರುಗುವುದು. ಆ ಹೂ ಕನ್ನಡದ ನೆಯ್ದಿಲೇ, ಅಂದರೆ ನೈದಿಲೆ. ಅಷ್ಟಾದಶ ವರ್ಣನೆಯಲ್ಲಿ ಕಡಲು ಒಂದು ವಸ್ತು. ತಿಣೈಯಲ್ಲಿ ಅದು ಒಂದು ಮನಃಸ್ಥಿತಿ. ಈ ವ್ಯತ್ಯಾಸವನ್ನು ಗ್ರಹಿಸಿದವನಿಗೆ ತೌಲನಿಕ ಕಾವ್ಯಮೀಮಾಂಸೆಯ ಅರ್ಧ ಪಾಠ ಮುಗಿದಂತೆ. ಸುಂಡಲಿನ ಕೂಗಿನಲ್ಲೂ ಪಾಠವುಂಟು. ತೇಂಗಾಯ್, ಮಾಂಗಾಯ್, ಪಟ್ಟಾಣಿ ಸುಂಡಲ್ ಎಂಬಲ್ಲಿನ ಪಟ್ಟಾಣಿ ಕನ್ನಡದ ಬಟಾಣಿ, ಮರಾಠಿಯ ವಾಟಾಣಾ. ತಿಂಡಿಯೋ ಕನ್ನಡದ ಉಸಲಿ, ಮರಾಠಿಯ ಉಸಳ. ಒಂದೇ ಕಾಳು ಮೂರು ಮನೆಗಳಲ್ಲಿ ಮೂರು ಹೆಸರಿನಿಂದ ಬೇಯುತ್ತದೆ.

ಇನ್ನು ರಸ್ತೆ ದಾಟಬೇಕು. ಪ್ರತಿಮೆಗಳಿಗೆದುರಾಗಿ, ಕಾಮರಾಜರ್ ಸಾಲೈಯ ಪಶ್ಚಿಮಕ್ಕೆ ಮದರಾಸು ವಿಶ್ವವಿದ್ಯಾಲಯದ ಮರೀನಾ ಆವರಣವಿದೆ. ಅಲ್ಲಿ ಕನ್ನಡ ವಿಭಾಗವಿದೆ. ಪ್ರಾಚ್ಯ ಸಂಶೋಧನ ಸಂಸ್ಥೆಯ ಭಾಗವಾಗಿ 1927ರಲ್ಲಿ ಅದು ಆರಂಭವಾಯಿತು. ಆಗ ಮಂಗಳೂರು, ಉಡುಪಿ, ಕಾಸರಗೋಡು, ಬಳ್ಳಾರಿ, ಹೊಸೂರು ಎಲ್ಲವೂ ಮದರಾಸು ಪ್ರಾಂತ್ಯದವು. ಕನ್ನಡಕ್ಕೆ ಅಲ್ಲೊಂದು ಪೀಠವಿರುವುದು ಔದಾರ್ಯವಲ್ಲ, ಸಹಜ ಹಕ್ಕಾಗಿತ್ತು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಗೌರವ ಕೊಟ್ಟದ್ದೂ ಮದರಾಸು ಸರ್ಕಾರವೇ.

ಈ ವಿಭಾಗದಿಂದ ಬಂದ ಗ್ರಂಥಗಳನ್ನು ಕನ್ನಡದ ವಿದ್ಯಾರ್ಥಿಗಳು ಅರಿವಿಲ್ಲದೆಯೇ ಬಳಸುತ್ತಿರುತ್ತಾರೆ. ‘ಕವಿರಾಜಮಾರ್ಗ’ವನ್ನು ಮೊದಲು ಸಂಪಾದಿಸಿ 1898ರಲ್ಲಿ ಪ್ರಕಟಿಸಿದವರು ಪುಣೆಯಲ್ಲಿ ಅಧ್ಯಾಪಕರಾಗಿದ್ದ ಕೆ.ಬಿ. ಪಾಠಕರು. ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ಯರು ಅದನ್ನು ಮತ್ತೆ ಸಂಪಾದಿಸಿದ ಆವೃತ್ತಿ 1930ರಲ್ಲಿ ಮದರಾಸು ವಿಶ್ವವಿದ್ಯಾಲಯದ ಕನ್ನಡ ಗ್ರಂಥಮಾಲೆಯಲ್ಲಿ ಹೊರಬಂತು. ಕಾವೇರಿ ಮತ್ತು ಗೋದಾವರಿ ನದಿಗಳ ನಡುವೆ ಕನ್ನಡ ನಾಡನ್ನು ಗುರುತಿಸಿದ ಗ್ರಂಥಕ್ಕೆ ಒಂದು ಸಂಪಾದನೆ ಮರಾಠಿ ನಾಡಿನಲ್ಲಿ ದುಡಿದ ವಿದ್ವಾಂಸರಿಂದ, ಮತ್ತೊಂದು ತಮಿಳು ನಾಡಿನ ಕಡಲತೀರದಿಂದ ದೊರೆತದ್ದು ಆಕಸ್ಮಿಕವಿರಬಹುದು. ಕಾವೇರಿ ಇಂದು ಕಡಲು ಸೇರುವುದು ತಮಿಳು ನೆಲದಲ್ಲಿ, ಗೋದಾವರಿ ಹುಟ್ಟುವುದು ಮರಾಠಿ ನೆಲದಲ್ಲಿ.

ವಿಭಾಗದ ಅತಿ ದೊಡ್ಡ ಕೆಲಸ ನಿಘಂಟಿನದು. ಫರ್ಡಿನೆಂಡ್ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಪ್ರಕಟವಾಗಿತ್ತು. ಆಮೇಲಿನ ದಶಕಗಳಲ್ಲಿ ಹಳಗನ್ನಡ ಕಾವ್ಯಗಳು ಒಂದೊಂದಾಗಿ ಅಚ್ಚಾದವು, ಶಾಸನಗಳು ಬೆಳಕಿಗೆ ಬಂದವು. ಕಿಟೆಲರು ಕಾಣದ ಪದಗಳು ರಾಶಿ ಬಿದ್ದವು. ಆ ನಿಘಂಟನ್ನು ಪರಿಷ್ಕರಿಸಿ ವಿಸ್ತರಿಸುವ ಹೊಣೆಯನ್ನು ಹೊತ್ತವರು ಮದರಾಸಿನ ಪ್ರಾಧ್ಯಾಪಕ ಎಂ. ಮರಿಯಪ್ಪ ಭಟ್ಟರು. ಶಂಕರ ಕೆದಿಲಾಯರೊಡನೆ ಅವರು ಸಿದ್ಧಪಡಿಸಿದ ತುಳು-ಇಂಗ್ಲಿಷ್ ನಿಘಂಟು 1967ರಲ್ಲಿ ಬಂತು. ಪರಿಷ್ಕೃತ ಕಿಟೆಲ್ ನಿಘಂಟು ನಾಲ್ಕು ಸಂಪುಟಗಳಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ಪ್ರಕಟವಾದದ್ದು 1968ರಿಂದ 1971ರ ನಡುವೆ.

ಮೊದಲ ಸಂಪುಟದ ವರ್ಷವನ್ನು ಮತ್ತೊಮ್ಮೆ ನೋಡಬೇಕು. ರಸ್ತೆಯ ಒಂದು ಬದಿಯಲ್ಲಿ ತಮಿಳಿನ ಕವಿಗಳು ಪೀಠಗಳ ಮೇಲೆ ನಿಂತ ವರ್ಷವೇ ಇನ್ನೊಂದು ಬದಿಯ ವಿಶ್ವವಿದ್ಯಾಲಯದಿಂದ ಕನ್ನಡದ ಈ ಮಹಾನಿಘಂಟಿನ ಮೊದಲ ಸಂಪುಟ ಹೊರಬಂತು. ಅದಕ್ಕೆ ಹನ್ನೆರಡು ವರ್ಷ ಮುಂಚೆಯೇ ಕನ್ನಡ ಜಿಲ್ಲೆಗಳು ಮದರಾಸನ್ನು ಬಿಟ್ಟುಹೋಗಿದ್ದವು. ಕೆಲಸವನ್ನು ನಿಲ್ಲಿಸಲು ನೆಪ ಬೇಕಾದವರಿಗೆ ಅದು ಸಾಕಾಗಿತ್ತು. ನಿಲ್ಲಲಿಲ್ಲ. ಪ್ರತಿಮೆಗಳ ಮುಂದೆ ಪ್ರತಿನಿತ್ಯ ಸಾವಿರಾರು ಜನ ಹಾದುಹೋಗುತ್ತಾರೆ. ನಿಘಂಟಿಗೆ ಆ ಭಾಗ್ಯವಿಲ್ಲ. ಆದರೆ ಅದನ್ನು ತೆರೆದರೆ ಕನ್ನಡ ಪದದ ಜೊತೆಗೆ ತಮಿಳು, ತೆಲುಗು, ಮಲಯಾಳ, ತುಳುವಿನ ಸೋದರ ಪದಗಳು ಸಿಗುತ್ತ ಹೋಗುತ್ತವೆ. ಕಾಲೇಜಿನ ಗ್ರಂಥಾಲಯದಲ್ಲಿ ಈ ಸಂಪುಟಗಳು ಸಿಕ್ಕರೆ ವಿದ್ಯಾರ್ಥಿಗಳು ಕಡಲ್, ಕರೆ, ಮಳಲ್, ನೆಯ್ದಿಲ್ ಎಂಬ ನಾಲ್ಕು ಉಲ್ಲೇಖಗಳನ್ನಾದರೂ ತೆಗೆದು ನೋಡಬೇಕು.

ಕನ್ನಡ ಕವಿಯ ಪ್ರತಿಮೆ ಚೆನ್ನೈನಲ್ಲಿ ಇಲ್ಲವೇ ಇಲ್ಲ ಎಂದುಕೊಳ್ಳಬೇಕಾಗಿಲ್ಲ. ಬೆಂಗಳೂರಿನ ಹಲಸೂರಿನಲ್ಲಿ ಹದಿನೆಂಟು ವರ್ಷ ಮುಸುಕಿನಲ್ಲಿದ್ದ ತಿರುವಳ್ಳುವರ್ ಪ್ರತಿಮೆ 2009ರ ಆಗಸ್ಟ್ 9ರಂದು ಅನಾವರಣಗೊಂಡಿತು. ನಾಲ್ಕು ದಿನಗಳ ನಂತರ, ಆಗಸ್ಟ್ 13ರಂದು, ಚೆನ್ನೈನ ಅಯನಾವರಂನ ಜೀವಾ ಉದ್ಯಾನದಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಮರೀನಾದಿಂದ ಅಲ್ಲಿಗೆ ಕಡಲು ಕಾಣುವುದಿಲ್ಲ. ಊರೊಳಗಿನ ಸಣ್ಣ ಪೂಂಗಾ ಅದು. ಊರೂರು ತಿರುಗಿದ ಜಂಗಮನಿಗೆ ಕಡಲ ಗಾಳಿಗಿಂತ ಜನವಸತಿಯೇ ಹೆಚ್ಚು ಒಗ್ಗುತ್ತದೆ ಎಂದುಕೊಂಡರೂ ತಪ್ಪಿಲ್ಲ. ಚೆನ್ನೈಗೆ ಹೋದವರು ಮರೀನಾದ ಸಂಜೆಗೆ ಮುಂಚೆ, ಹಗಲಿನಲ್ಲಿ, ಒಂದು ಬಸ್ಸು ಹತ್ತಿ ಅಲ್ಲಿಗೂ ಹೋಗಿಬರಬಹುದು.